ಮೊದಲ ಚಾಕು, ಮೂರು ಅಂಗುಲ

ಹದಿಮೂರು-ಹದಿನಾಲ್ಕರ ಮಗನೋ ಮಗಳೋ ಮಡಚುವ ಚಾಕು ಬೇಕೆಂದು ಕೇಳಿದರೆ ಪಟ್ಟಣದ ಮನೆಯಲ್ಲಿ ದಿಗಿಲು ಹುಟ್ಟುತ್ತದೆ. ಅದೇ ವಯಸ್ಸಿನವರು ಮಲೆನಾಡಿನಲ್ಲಿ ಅಡಿಕೆ ಸುಗ್ಗಿ ಬಂತೆಂದರೆ ದೊಡ್ಡವರ ಪಕ್ಕ ಮೆಟ್ಟುಗತ್ತಿಯ ಮುಂದೆ ಕೂತು ಸುಲಿಯುತ್ತಾರೆ. ಬಯಲುಸೀಮೆಯಲ್ಲಿ ಕುಡುಗೋಲು ಹಿಡಿದು ದನಕ್ಕೆ ಹುಲ್ಲು ಕೊಯ್ದು ತರುತ್ತಾರೆ. ಅಲ್ಲಿ ಅಲಗಿನ ಜೊತೆಗೇ ಕೆಲಸವಿರುತ್ತದೆ, ಕೈ ತಿದ್ದುವವರು ಪಕ್ಕದಲ್ಲೇ ಇರುತ್ತಾರೆ. ಪೇಟೆಯ ಮಕ್ಕಳಿಗೆ ಇವೆರಡೂ ಇಲ್ಲ. ಹಾಗಾಗಿ ಅವರಿಗೆ ಚಾಕು ಆರಿಸುವಾಗ ಬ್ರ್ಯಾಂಡು, ಬೆಲೆ ನೋಡುವ ಮೊದಲು ಕೇಳಬೇಕಾದ್ದು ಒಂದಿದೆ: ಈ ಚಾಕುವಿನಿಂದ ಕೈಕೆಲಸ ಕಲಿಯುವುದು ಎಷ್ಟು ಸಲೀಸು?

ಮಕ್ಕಳ ಕೈಯಿಂದ ಚಾಕು ಕಸಿದ ಮೇಲೆ ಏನಾಗುತ್ತದೆ ಎನ್ನುವುದಕ್ಕೆ ಜಪಾನಿನ ಉದಾಹರಣೆ ಇದೆ. ಹ್ಯೊಗೊ ಪ್ರಾಂತ್ಯದ ಮಿಕಿ ಊರಿನ ಕಮ್ಮಾರರು 1890ರ ದಶಕದಿಂದ ಮಾಡುತ್ತ ಬಂದ ಹಿಗೊನೊಕಾಮಿ ಎಂಬ ಚಾಕು ಅಲ್ಲಿನ ಶಾಲಾ ಮಕ್ಕಳ ಕಿಸೆಯಲ್ಲಿ ಸಾಮಾನ್ಯವಾಗಿತ್ತು. ಮಡಿಸಿದ ಹಿತ್ತಾಳೆ ತಗಡಿನ ಹಿಡಿ, ಒಂದೇ ಅಲಗು, ಹೆಬ್ಬೆರಳಿನಿಂದ ಒತ್ತಿ ಹಿಡಿಯಲು ಒಂದು ಚಿಕ್ಕ ಬಾಲ. ಸ್ಪ್ರಿಂಗ್ ಇಲ್ಲ, ಲಾಕ್ ಇಲ್ಲ. ಪೆನ್ಸಿಲ್ ಹೆರೆಯುವುದಕ್ಕೂ ಬಿದಿರಿನ ಆಟಿಕೆ ಮಾಡುವುದಕ್ಕೂ ಅದೇ. 1960ರ ಅಕ್ಟೋಬರಿನಲ್ಲಿ ಟೋಕಿಯೊದ ಸಭೆಯೊಂದರಲ್ಲಿ ಸಮಾಜವಾದಿ ಪಕ್ಷದ ನಾಯಕ ಇನೆಜಿರೊ ಅಸಾನುಮಾ ಅವರನ್ನು 17 ವರ್ಷದ ಹುಡುಗನೊಬ್ಬ ವೇದಿಕೆಯ ಮೇಲೆಯೇ ಇರಿದು ಕೊಂದ. ಅವನು ಬಳಸಿದ್ದು ಗಿಡ್ಡ ಕತ್ತಿ, ಕಿಸೆಯ ಚಾಕು ಅಲ್ಲ. ಆದರೂ ಮಕ್ಕಳಿಗೆ ಚಾಕು ಬೇಡವೆಂಬ ಚಳವಳಿ ದೇಶವಿಡೀ ಹಬ್ಬಿತು. ಹಿಗೊನೊಕಾಮಿ ಶಾಲೆಯಿಂದ ಮರೆಯಾಯಿತು, ಮಾಡುವವರು ಒಬ್ಬೊಬ್ಬರಾಗಿ ಕುಲುಮೆ ಆರಿಸಿದರು. ನಗಾನೊ ಪ್ರಾಂತ್ಯದ ಇಕೆಡಾದಲ್ಲಿ ಮಾತ್ರ ಒಂದು ಪ್ರಾಥಮಿಕ ಶಾಲೆ 1980ರ ದಶಕದಿಂದ ಒಂದನೇ ತರಗತಿಯವರ ಕೈಗೇ ಈ ಚಾಕು ಕೊಟ್ಟು ಪೆನ್ಸಿಲ್ ಹೆರೆಯಲು ಕಲಿಸುತ್ತಿದೆ. ಆರು ವರ್ಷದ ಮಕ್ಕಳಿಗೆ ಬಂದದ್ದು ಹದಿಮೂರರವರಿಗೆ ಬಾರದೇ ಇರದು. ಕಲಿಸಲು ಪಕ್ಕದಲ್ಲಿ ಒಬ್ಬರು ಕೂರಬೇಕು, ಅಷ್ಟೇ.

ಹಾಗಾದರೆ ಯಾವುದನ್ನು ಕೊಡಿಸುವುದು?

ಹರಿತ ಕಡಿಮೆಯಿದ್ದರೆ ಅಪಾಯವೂ ಕಡಿಮೆ ಎಂದು ನಂಬಿದ ಹೆತ್ತವರು ಬಹಳ. ಕೈಗೆ ಚಾಕು ತೆಗೆದುಕೊಂಡು ಟೊಮೇಟೊ ಕೊಯ್ದು ನೋಡಿದರೆ ಈ ನಂಬಿಕೆ ನಿಲ್ಲುವುದಿಲ್ಲ. ಮೊಂಡು ಅಲಗು ಸಿಪ್ಪೆಯ ಮೇಲೆ ಜಾರುತ್ತದೆ. ಜಾರಿತೆಂದು ಇನ್ನಷ್ಟು ಒತ್ತುತ್ತೇವೆ. ಆ ಒತ್ತಡದ ಸಮೇತ ಅದು ಬೆರಳಿನತ್ತ ಹೊರಳುತ್ತದೆ. ಹರಿತವಾದ ಅಲಗಿಗೆ ಬಲ ಬೇಡ, ಹಾಗಾಗಿ ಅದು ಹೇಳಿದ ಕಡೆಗೇ ಹೋಗುತ್ತದೆ. ಮೊನೆಯ ಮಾತು ಬೇರೆ. ಕಲಿಯುವವರ ಗಾಯಗಳಲ್ಲಿ ಮೊನೆಯ ಪಾಲೂ ಇದೆ, ಕಲಿಕೆಯ ಕೆಲಸಕ್ಕೆ ಅದರ ಅಗತ್ಯ ಅಷ್ಟಿಲ್ಲ. ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್, ಫ್ರಾನ್ಸಿನ ಒಪಿನೆಲ್ ಎರಡೂ ಮಕ್ಕಳಿಗೆಂದು ಗುಂಡು ಮೊನೆಯ ಚಾಕು ಮಾಡುತ್ತವೆ. ಅಂಚು ಹರಿತವೇ, ತುದಿ ಮಾತ್ರ ಚುಚ್ಚುವುದಿಲ್ಲ.

ಈ ಎರಡು ಹೆಸರುಗಳು ಬಂದದ್ದು ಪ್ರತಿಷ್ಠೆಗಾಗಿ ಅಲ್ಲ. ಎರಡೂ ಬಡವರ, ಸೈನಿಕರ, ರೈತರ ಚಾಕುವಾಗಿ ಹುಟ್ಟಿದವು. ಕಾರ್ಲ್ ಎಲ್ಸೆನರ್ 1884ರಲ್ಲಿ ಇಬಾಖ್‌ನಲ್ಲಿ ಕಾರ್ಯಾಗಾರ ತೆರೆದು, 1891ರಿಂದ ಸ್ವಿಸ್ ಸೈನಿಕರಿಗೆ ಚಾಕು ಪೂರೈಸಿದ. ಜೋಸೆಫ್ ಒಪಿನೆಲ್ 1890ರಲ್ಲಿ ಆಲ್ಪ್ಸ್ ತಪ್ಪಲಿನ ಸವೋಯ್ ಸೀಮೆಯ ಹಳ್ಳಿಗರಿಗೆಂದು ತನ್ನ ಚಾಕು ಮಾಡಿದ. ಒಂದು ಮರದ ಹಿಡಿ, ಒಂದು ಅಲಗು, ಒಂದು ಮೊಳೆ. 1955ರಲ್ಲಿ ಸೇರಿದ್ದು ತಿರುಗುವ ಒಂದು ಉಂಗುರ. ಅಲಗು ಬಿಚ್ಚಿ ಉಂಗುರ ತಿರುಗಿಸಿದರೆ ಅದು ಬೆರಳಿನ ಮೇಲೆ ಮಡಚಿಕೊಳ್ಳುವುದಿಲ್ಲ. ಮುಚ್ಚುವಾಗಲೂ ಮೊದಲು ಉಂಗುರ ತಿರುಗಿಸಿ, ಆಮೇಲೆ ಅಲಗಿನ ಬೆನ್ನನ್ನು ಅಂಗೈಯಿಂದ ಒತ್ತಿದರಾಯಿತು. ಹಿಡಿಯೊಳಗಿನ ತಗಡನ್ನು ಹೆಬ್ಬೆರಳಿನಿಂದ ಸರಿಸಿ ಮುಚ್ಚಬೇಕಾದ ಲಾಕಿನ ಚಾಕುಗಳಲ್ಲಿ ಆ ಹೆಬ್ಬೆರಳು ಅಲಗಿನ ದಾರಿಯಲ್ಲೇ ಇರುತ್ತದೆ. ಹೊಸ ಕೈಗೆ ಅದು ಸಲ್ಲದು.

ಒಪಿನೆಲ್‌ಗೆ ನಮ್ಮ ಹವೆಯಲ್ಲಿ ಒಂದು ತೊಡಕುಂಟು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಬೀಚ್ ಮರದ ಹಿಡಿ ತೇವ ಹೀರಿ ಉಬ್ಬಿ, ಅಲಗನ್ನು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಉಗುರಿನಿಂದ ಎಳೆದರೆ ಬರುವುದಿಲ್ಲ. ಸವೋಯ್‌ನವರು ಉಂಗುರ ಸಡಿಲಿಸಿ, ಹಿಡಿಯ ಹಿಂತುದಿಯನ್ನು ಮೇಜಿನ ಅಂಚಿಗೆ ಮೆಲ್ಲಗೆ ಕುಟ್ಟುತ್ತಾರೆ, ಅಲಗು ತಾನೇ ಇಣುಕುತ್ತದೆ. ಮಳೆಗಾಲಕ್ಕೆ ಮುನ್ನ ಕೀಲಿಗೆ ನಾಲ್ಕು ಹನಿ ಎಣ್ಣೆ ಬಿಟ್ಟರೆ ಆ ಕಷ್ಟವೂ ತಗ್ಗುತ್ತದೆ. ಕಾರ್ಬನ್ ಉಕ್ಕಿನ ಅಲಗಾದರೆ ನಿಂಬೆಹಣ್ಣು ಕೊಯ್ದು ಒರೆಸದೆ ಇಟ್ಟಲ್ಲಿ ಕಪ್ಪು ಕಲೆ ಗ್ಯಾರಂಟಿ. ತುಕ್ಕು ಹಿಡಿಯದ ಉಕ್ಕಿನದೇ ಇಲ್ಲಿಗೆ ಮೇಲು.

ಅಗ್ಗದ ಚಾಕು ಕೊಳ್ಳುವುದರಲ್ಲಿ ಯಾವ ಕೊರತೆಯೂ ಇಲ್ಲ. ಮೊದಲ ಚಾಕು ಕಳೆಯುತ್ತದೆ, ಕಲ್ಲಿಗೆ ಬಡಿಯುತ್ತದೆ, ಡಬ್ಬಿಯ ಮುಚ್ಚಳ ಎಬ್ಬಿಸಲು ಹೋಗಿ ತುದಿ ಮುರಿಯುತ್ತದೆ. ದುಬಾರಿಯಾದರೆ ಮಗು ಅದನ್ನು ಬಳಸುವುದಕ್ಕೇ ಹೆದರುತ್ತದೆ. ಎಚ್ಚರ ಬೇಕಾದ್ದು ಜಾತ್ರೆಯ ಅಂಗಡಿಗಳಲ್ಲೂ ಆನ್‌ಲೈನಿನಲ್ಲೂ ಸಿಗುವ, ಕರಿ ಬಣ್ಣ ಬಳಿದು ಸಿನಿಮಾ ಖಳನ ಕೈಗೆ ಒಪ್ಪುವಂತೆ ಮಾಡಿದ ಚಾಕುಗಳ ವಿಷಯದಲ್ಲಿ. ಅಂಥವನ್ನು ಬಿಚ್ಚಿ, ಬೆನ್ನು ಹಿಡಿದು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ ನೋಡಬೇಕು. ಕೀಲು ಗಡಗಡ ಎಂದರೆ ಅದರ ಲಾಕನ್ನೂ ನಂಬುವಂತಿಲ್ಲ. ಹತ್ತಾರು ಉಪಕರಣ ತುರುಕಿದ ದಪ್ಪ ಚಾಕು ಕೂಡ ಬೇಡ. ಅದರ ಹಿಡಿ ಚಿಕ್ಕ ಅಂಗೈಗೆ ಒಗ್ಗುವುದಿಲ್ಲ.

ಅಳತೆಯ ವಿಷಯದಲ್ಲಿ ಕಾನೂನಿನಿಂದಲೂ ಒಂದು ಅಂದಾಜು ಸಿಗುತ್ತದೆ. ನಮ್ಮ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿ ಹೆಸರಿಸುವುದು 9 ಅಂಗುಲಕ್ಕಿಂತ ಉದ್ದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗನ್ನು. ಮನೆಗೆಲಸ, ಬೇಸಾಯದ ಕತ್ತಿಗಳಿಗೆ ವಿನಾಯಿತಿಯಿದೆ. ದೆಹಲಿಯ 1980ರ ಅಧಿಸೂಚನೆ ಇನ್ನೂ ಬಿಗಿ: ಬಟನ್ ಒತ್ತಿದರೆ ಚಿಮ್ಮುವಂಥ ಚಾಕುಗಳ ಅಲಗಿಗೆ ಅದು ಹಾಕಿದ ಗೆರೆ 7.62 ಸೆಂಟಿಮೀಟರ್, ಅಂದರೆ 3 ಅಂಗುಲ. ಬ್ರಿಟನ್ನಿನಲ್ಲಿ ಲಾಕ್ ಇಲ್ಲದ ಮಡಚುವ ಚಾಕುವನ್ನು ಕಾರಣ ಹೇಳದೆ ಒಯ್ಯಲು ಇರುವ ಮಿತಿಯೂ ಅದೇ 3 ಅಂಗುಲ. ಹಣ್ಣು, ಹಗ್ಗ, ರಟ್ಟು, ಬಿದಿರ ಕಡ್ಡಿಗೆ ಅದಕ್ಕಿಂತ ಉದ್ದ ಬೇಕಿಲ್ಲ. ಬಟನ್ ಚಾಕುವಂತೂ ಯಾವ ಅಳತೆಯದೂ ಬೇಡ. ಶಾಲೆ, ಮೆಟ್ರೊ, ವಿಮಾನದ ಕೈಚೀಲ ಈ ಮೂರು ಕಡೆ ಚಿಕ್ಕ ಚಾಕುವೂ ಸಲ್ಲದೆಂಬುದನ್ನು ಕೊಡುವ ದಿನವೇ ಹೇಳಿಬಿಡಬೇಕು.

ಚಾಕುವಿನಲ್ಲಿ ಉಳಿಸಿದ ದುಡ್ಡಿಗೆ ಹಾರ್ಡ್‌ವೇರ್ ಅಂಗಡಿಯಿಂದ ಒಂದು ಸಾಣೆಕಲ್ಲು ತರಬಹುದು, ಒಂದು ಮೈ ಒರಟು, ಇನ್ನೊಂದು ನುಣುಪಾಗಿರುವಂಥದು. ವಿಕ್ಟೋರಿನಾಕ್ಸ್, ಒಪಿನೆಲ್‌ಗಳ ಉಕ್ಕು ತೀರ ಗಡಸಲ್ಲವಾದ್ದರಿಂದ ಅಂಥ ಕಲ್ಲಿನಲ್ಲೇ ಬೇಗ ಹರಿತವಾಗುತ್ತದೆ. ಅಲಗನ್ನು ಸುಮಾರು 20 ಡಿಗ್ರಿ ಓರೆ ಹಿಡಿಯಬೇಕು. ಆ ಓರೆ ಕೈಗೆ ಸಿಗುವವರೆಗೆ ಅಂಚಿನುದ್ದಕ್ಕೂ ಮಾರ್ಕರ್ ಪೆನ್ನಿನ ಮಸಿ ಬಳಿದು ನಾಲ್ಕು ಸಲ ಉಜ್ಜಿ ನೋಡುವುದು ಒಳ್ಳೆಯದು. ಮಸಿ ಅಂಚಿನ ತುದಿಯಲ್ಲೇ ಉಳಿದಿದ್ದರೆ ಅಲಗನ್ನು ಇನ್ನಷ್ಟು ಎತ್ತಬೇಕು, ಮೇಲ್ಭಾಗದಲ್ಲಿ ಉಳಿದಿದ್ದರೆ ತಗ್ಗಿಸಬೇಕು.