ಪೊಲೀಸ್ ನಾಯಿ ಸತ್ತರೆ ಕುಶಾಲತೋಪು ಏಕೆ? ಆ ಗೌರವ ಯಾರಿಗೆ?

ಪೊಲೀಸ್ ಅಥವಾ ಸೇನೆಯ ನಾಯಿಯೊಂದು ಸತ್ತಾಗ ನಮ್ಮ ಮೊಬೈಲುಗಳಿಗೆ ಒಂದೇ ಬಗೆಯ ವಿಡಿಯೋ ಬರುತ್ತದೆ. ಹೂವು ಹೊದಿಸಿದ ದೇಹ, ಸಾಲಾಗಿ ನಿಂತ ಸಿಬ್ಬಂದಿ, ಮುಖ ಒರೆಸಿಕೊಳ್ಳುತ್ತಿರುವ ಒಬ್ಬ ಹ್ಯಾಂಡ್ಲರ್. ಕೆಳಗೆ ಬರುವ ಮಾತುಗಳೂ ಹೆಚ್ಚುಕಡಿಮೆ ಅವೇ. ಅರ್ಧ ಜನ ಕಣ್ಣೀರು ಹಾಕುತ್ತಾರೆ. ಉಳಿದವರು "ನಾಯಿಗೆ ಇಷ್ಟೆಲ್ಲ ಬೇಕಾ? ಇದೆಲ್ಲ ಬ್ರಿಟಿಷರು ಬಿಟ್ಟುಹೋದ ಶೋಕಿ" ಎನ್ನುತ್ತಾರೆ.

ಶೋಕಿಯ ಮಾತನ್ನೇ ಮೊದಲು ನೋಡೋಣ. ಅದಕ್ಕೆ ಉತ್ತರ ಬೆಂಗಳೂರಿನಲ್ಲೇ ಇದೆ.

ಶಿವಾಜಿನಗರ ಬಸ್ ನಿಲ್ದಾಣದಿಂದ ಎರಡು-ಮೂರು ಕಿಲೋಮೀಟರ್ ದೂರದಲ್ಲಿ, ಕಸ್ತೂರ್ಬಾ ರಸ್ತೆಯ ಮೇಲೆ ಸರ್ಕಾರಿ ವಸ್ತುಸಂಗ್ರಹಾಲಯವಿದೆ. 1865ರಲ್ಲಿ ಇದು ಶುರುವಾದದ್ದು ದಂಡು ಪ್ರದೇಶದಲ್ಲಿ. ಮ್ಯೂಸಿಯಂ ರಸ್ತೆಗೆ ಆ ಹೆಸರು ಬಂದದ್ದು ಇದರಿಂದಲೇ. ಇಲ್ಲಿನ ಸಂಗ್ರಹದಲ್ಲಿ ಮದ್ದೂರು ತಾಲ್ಲೂಕಿನ ಆತಕೂರಿನಿಂದ ತಂದ ಒಂದು ಕಲ್ಲಿದೆ. ಕ್ರಿ.ಶ. 949-50ರ ಕಾಲದ್ದು, ಭಾಷೆ ಹಳಗನ್ನಡ. ಕಲ್ಲಿನ ಮೇಲೆ ಕೆತ್ತಿರುವುದು ರಾಜನನ್ನಲ್ಲ, ಹಂದಿಯೊಡನೆ ಕಾದಾಡುತ್ತಿರುವ ನಾಯಿಯನ್ನು.

ಆ ನಾಯಿಯ ಹೆಸರು ಕಾಳಿ. ರಾಷ್ಟ್ರಕೂಟ ಮೂರನೇ ಕೃಷ್ಣನ ಪರವಾಗಿ ಗಂಗರ ಇಮ್ಮಡಿ ಬೂತುಗ ತಕ್ಕೋಲದಲ್ಲಿ ಚೋಳ ರಾಜಾದಿತ್ಯನ ಮೇಲೆ ಯುದ್ಧ ಮಾಡಿದ. ಅದರಲ್ಲಿ ಶೌರ್ಯ ತೋರಿದ ಮಣಲೇರ ಎಂಬ ವೀರನಿಗೆ "ಏನು ಬೇಕೋ ಕೇಳು" ಎಂದಾಗ ಅವನು ಕೇಳಿದ್ದು ಕಾಳಿಯನ್ನು. ಮುಂದೆ ಬೇಟೆಯೊಂದರಲ್ಲಿ, ಬೆಳತೂರಿನ ಬೆಟ್ಟದಲ್ಲಿ ಕಾಳಿಯನ್ನು ದೊಡ್ಡ ಹಂದಿಯ ಮೇಲೆ ಬಿಟ್ಟರು. ಎರಡೂ ಅಲ್ಲೇ ಸತ್ತವು. ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಾಳಿಗಾಗಿ ಕಲ್ಲು ನಿಲ್ಲಿಸಿ, ಭೂಮಿಯನ್ನೂ ದತ್ತಿ ಬಿಟ್ಟರು.

ಈ ಕಥೆ ಅಂತರ್ಜಾಲದಲ್ಲಿ ಓಡಾಡುವಾಗ ಒಂದಿಷ್ಟು ಬಣ್ಣ ಹಚ್ಚಿಕೊಂಡಿದೆ. ಮಣಲೇರ ಊರು-ಸಂಪತ್ತು ಎಲ್ಲ ಬೇಡವೆಂದು ನಾಯಿಯೊಂದನ್ನೇ ಕೇಳಿದ ಎಂಬುದು ಅದರಲ್ಲೊಂದು. ಅವನಿಗೆ ಆತಕೂರು ಹನ್ನೆರಡು ಬಾಳ್ಗಚ್ಚಾಗಿ, ಅಂದರೆ ಕತ್ತಿ ತೊಳೆದು ಕೊಡುವ ದತ್ತಿಯಾಗಿ, ಸಿಕ್ಕಿದ್ದನ್ನು ಅದೇ ಶಾಸನ ಹೇಳುತ್ತದೆ. ಕಾಳಿ ಮುಧೋಳ ತಳಿ ಎಂಬುದು ಇನ್ನೊಂದು. ಶಾಸನದಲ್ಲಿ ತಳಿಯ ಮಾತೇ ಇಲ್ಲ. ಈ ಬಣ್ಣ ತೆಗೆದರೂ ಕಥೆಯ ತೂಕ ಕಡಿಮೆಯಾಗುವುದಿಲ್ಲ. ನಮಗೆ ಮುಖ್ಯವೆನಿಸಿದ್ದು ಶಾಸನದ ಕೊನೆಯ ಭಾಗ: ಆ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡುವ ಗುಡಿಯ ಗೊರವನಿಗೆ ಪಾಪ ತಟ್ಟುತ್ತದೆ ಎಂಬ ಎಚ್ಚರಿಕೆ ಅಲ್ಲಿದೆ. ಗೌರವವೆಂದರೆ ಒಂದು ದಿನದ ಕಾರ್ಯಕ್ರಮವಾಗಿರಲಿಲ್ಲ. ಅದಕ್ಕೆ ಜಮೀನಿತ್ತು, ಹೊಣೆ ಹೊತ್ತ ಒಬ್ಬ ಮನುಷ್ಯನಿದ್ದ, ದಿನವೂ ಮಾಡಬೇಕಾದ ಕೆಲಸವಿತ್ತು.

ಈಗಿನ ಕಾಲಕ್ಕೆ ಬರೋಣ. 2024ರ ಮಾರ್ಚ್ 1ರಂದು ಕೆ.ಆರ್. ಪುರಂನಿಂದ ಆಚೆ, ಬ್ರೂಕ್‌ಫೀಲ್ಡ್‌ನ ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಸಿಡಿದಾಗ ಬಾಂಬ್ ನಿಷ್ಕ್ರಿಯ ದಳದ ಜೊತೆ ಶ್ವಾನದಳವೂ ಬಂತು. ಒಂದು ಬಾಂಬ್ ಸಿಡಿದ ಜಾಗದಲ್ಲಿ ಎರಡನೆಯದು ಇರಬಹುದು ಎಂದುಕೊಂಡೇ ಹುಡುಕಬೇಕಾಗುತ್ತದೆ. ಎಲ್ಲರೂ ಹೊರಗೆ ಓಡುವ ಹೊತ್ತಿಗೆ ಒಳಗೆ ಹೋಗುವವರು ನಾಯಿ ಮತ್ತು ಅದರ ಹ್ಯಾಂಡ್ಲರ್. ನಡುವೆ ಇರುವುದು ಒಂದು ಹಗ್ಗ ಮಾತ್ರ. ಸ್ಫೋಟಕ ಪತ್ತೆಗೆ ಪಳಗಿದ ನಾಯಿ ವಾಸನೆ ಸಿಕ್ಕಾಗ ಬೊಗಳುವುದಿಲ್ಲ, ಕೆರೆಯುವುದಿಲ್ಲ, ಸುಮ್ಮನೆ ಕೂರುತ್ತದೆ. ಕೂರುವುದಕ್ಕೂ ಮುಂಚೆ ಅದರ ಉಸಿರಿನ ಲಯ, ಬಾಲ, ತಲೆ ತಿರುಗಿಸುವ ವೇಗ ಬದಲಾಗುತ್ತವೆ. ಅದನ್ನು ಓದುವುದು ಹ್ಯಾಂಡ್ಲರ್‌ನ ವಿದ್ಯೆ, ಮತ್ತು ಅದು ಬಹುಮಟ್ಟಿಗೆ ಆ ಒಂದು ನಾಯಿಗೆ ಸಂಬಂಧಿಸಿದ್ದು. ನಾಯಿ ಸತ್ತಾಗ ಹ್ಯಾಂಡ್ಲರ್ ಒಡನಾಡಿಯನ್ನಷ್ಟೇ ಅಲ್ಲ, ವರ್ಷಗಟ್ಟಲೆ ಕಲಿತ ಒಂದು ಭಾಷೆಯನ್ನೂ ಕಳೆದುಕೊಳ್ಳುತ್ತಾನೆ.

ನಾಯಿಯೂ ಮನುಷ್ಯನನ್ನು ಓದುತ್ತದೆ, ಕೆಲವೊಮ್ಮೆ ಅತಿಯಾಗಿ. 2011ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಸಂಶೋಧಕರು 18 ನಾಯಿ-ಹ್ಯಾಂಡ್ಲರ್ ಜೋಡಿಗಳನ್ನು ಪರೀಕ್ಷಿಸಿದರು. ಹುಡುಕಲು ಕೊಟ್ಟ ಜಾಗದಲ್ಲಿ ಮಾದಕವಸ್ತು, ಸ್ಫೋಟಕ ಎರಡೂ ಇರಲಿಲ್ಲ. ಆದರೆ ಇರಬಹುದು ಎಂದು ಹ್ಯಾಂಡ್ಲರ್‌ಗಳಿಗೆ ಹೇಳಲಾಗಿತ್ತು. 144 ಸುತ್ತುಗಳಲ್ಲಿ ತಪ್ಪು ಸೂಚನೆಯೇ ಇಲ್ಲದೆ ಮುಗಿದದ್ದು 21 ಮಾತ್ರ. ಹ್ಯಾಂಡ್ಲರ್‌ನ ನಿರೀಕ್ಷೆ ನಾಯಿಯ ನಡೆಗೂ, ಅದನ್ನು ಓದುವ ಅವನ ಕಣ್ಣಿಗೂ ದಾಟುತ್ತದೆ. ಬಾಂಧವ್ಯ ಎನ್ನುವುದು ಭಾವುಕ ಮಾತಷ್ಟೇ ಅಲ್ಲ, ಕೆಲಸದ ಫಲಿತಾಂಶವನ್ನೇ ಬದಲಿಸುವ ಸಂಗತಿ.

ಇದಕ್ಕೆ ದೇಹದೊಳಗೂ ಬೇರಿದೆ. 2015ರಲ್ಲಿ ಜಪಾನಿನ ಸಂಶೋಧಕರು ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ನಾಯಿ ಮತ್ತು ಅದರ ಒಡೆಯ ಹೆಚ್ಚು ಹೊತ್ತು ಕಣ್ಣಲ್ಲಿ ಕಣ್ಣಿಟ್ಟು ನೋಡಿದಾಗ ಇಬ್ಬರಲ್ಲೂ ಆಕ್ಸಿಟೋಸಿನ್ ಏರುತ್ತದೆ. ತಾಯಿ-ಮಗುವಿನ ನಡುವೆ ಕೆಲಸ ಮಾಡುವ ಹಾರ್ಮೋನೇ ಇದು. ಮನುಷ್ಯರು ಸಾಕಿದ ತೋಳಗಳಲ್ಲಿ ಈ ಏರಿಕೆ ಕಾಣಲಿಲ್ಲ.

ಹಾಗಾದರೆ ಹ್ಯಾಂಡ್ಲರ್ ಸತ್ತರೆ ನಾಯಿ ಎದೆಯೊಡೆದು ಸಾಯುತ್ತದೆಯೇ? ಹೆಚ್ಚು ಹಂಚಿಕೆಯಾಗುವ ಕಥೆ ಇದೇ. 2011ರ ಮಾರ್ಚ್‌ನಲ್ಲಿ ಅಫ್ಘಾನಿಸ್ತಾನದಲ್ಲಿ ಬ್ರಿಟಿಷ್ ಯೋಧ ಲಿಯಾಮ್ ಟಾಸ್ಕರ್ ಗುಂಡಿಗೆ ಬಲಿಯಾದರು. ಕೆಲವೇ ಗಂಟೆಗಳಲ್ಲಿ ಅವರ ನಾಯಿ ಥಿಯೋ ಫಿಟ್ಸ್ ಬಂದು ಸತ್ತಿತು. ಲೋಕವೆಲ್ಲ ಅದನ್ನು ದುಃಖದ ಸಾವು ಎಂದಿತು. ಮರಣೋತ್ತರ ಪರೀಕ್ಷೆ ಯಾವ ಕಾರಣವನ್ನೂ ಖಚಿತಪಡಿಸಲಿಲ್ಲ. ನಾಯಿಗಳಿಗೆ ಅಗಲಿಕೆ ತಟ್ಟುವುದೇ ಇಲ್ಲ ಎಂದು ಇದರ ಅರ್ಥವಲ್ಲ. ಇಟಲಿಯಲ್ಲಿ 426 ಮಂದಿ ನಾಯಿ ಸಾಕುವವರನ್ನು ವಿಚಾರಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮನೆಯ ಇನ್ನೊಂದು ನಾಯಿ ಸತ್ತ ಮೇಲೆ ಉಳಿದ ನಾಯಿಯ ನಡವಳಿಕೆ ಬದಲಾಯಿತು ಎಂದು ಶೇ 86ರಷ್ಟು ಜನ ಹೇಳಿದ್ದರು. ಆಟ ಕಡಿಮೆ, ನಿದ್ದೆ ಹೆಚ್ಚು, ಊಟ ಕಡಿಮೆ. ಆದರೆ ಇದು ಒಡೆಯರು ಕಂಡು ಹೇಳಿದ್ದು, ಮತ್ತು ಒಡೆಯರ ದುಃಖವೂ ನಾಯಿಗೆ ದಾಟಿರಬಹುದು ಎಂದು ಸಂಶೋಧಕರೇ ಸೂಚಿಸಿದ್ದಾರೆ. ನಾಯಿ ಬದಲಾವಣೆಯನ್ನು ಅನುಭವಿಸುತ್ತದೆ ಎನ್ನಬಹುದು. ಸಾವು ಎಂದರೇನೆಂದು ಅದಕ್ಕೆ ಗೊತ್ತು ಎನ್ನುವಷ್ಟು ದೂರ ವಿಜ್ಞಾನ ಹೋಗಿಲ್ಲ.

ಅಂದರೆ ಕುಶಾಲತೋಪು ನಾಯಿಗೆ ಕೇಳಿಸುವುದಿಲ್ಲ. ಅದು ಕೇಳಿಸಬೇಕಾದದ್ದು ಪಕ್ಕದಲ್ಲಿ ನಿಂತವನಿಗೆ. ಅಮೆರಿಕದ ಕೆನೆತ್ ಡೋಕಾ ಮಾನ್ಯತೆ ಸಿಗದ ದುಃಖದ ಬಗ್ಗೆ 1989ರಲ್ಲಿ ಒಂದು ಪುಸ್ತಕವನ್ನೇ ಹೊರತಂದರು. ಸಮಾಜ "ಇದಕ್ಕೆಲ್ಲ ಅಳಬೇಕೇ" ಎಂದು ಕೇಳುವ ದುಃಖ ಅದು. ಸಾಕುಪ್ರಾಣಿಯ ಸಾವು ಅದರ ನೇರ ಉದಾಹರಣೆ. ಮನೆಯಲ್ಲಿ ಹಿರಿಯರು ಹೋದರೆ ಹನ್ನೊಂದು, ಹದಿಮೂರು ದಿನಗಳ ಲೆಕ್ಕವಿದೆ, ರಜೆಯಿದೆ, ಮಾತಾಡಿಸಲು ಬರುವ ನೆಂಟರಿದ್ದಾರೆ. ಹ್ಯಾಂಡ್ಲರ್‌ಗೆ ಇದಾವುದೂ ಇಲ್ಲ. ಹಾಗಾಗಿ ಇಲಾಖೆ ಸಮವಸ್ತ್ರದಲ್ಲಿ ಸಾಲಾಗಿ ನಿಂತು ಸೆಲ್ಯೂಟ್ ಮಾಡುವುದು "ನಿನ್ನ ನಷ್ಟ ನಿಜವಾದದ್ದು" ಎಂದು ಹೇಳುವ ಒಂದೇ ಅಧಿಕೃತ ದಾರಿ. ಶೋಕಿ ಎನ್ನುವವರ ಜೊತೆ ನಮಗೆ ಜಗಳವಿರುವುದು ಇಲ್ಲೇ.

ನಮಗೂ ಒಂದು ತಕರಾರಿದೆ. ಗೌರವ ಸಾವಿನ ದಿನಕ್ಕೆ ಸೀಮಿತವಾಗುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ರಜೌರಿಯಲ್ಲಿ ಹ್ಯಾಂಡ್ಲರ್‌ನನ್ನು ಕಾಪಾಡುತ್ತ ಸತ್ತ ಲ್ಯಾಬ್ರಡಾರ್ ಕೆಂಟ್, 2022ರಲ್ಲಿ ಕಾಶ್ಮೀರದಲ್ಲಿ ಸತ್ತ ಆಕ್ಸೆಲ್ ಮತ್ತು ಜೂಮ್ ಸುದ್ದಿಯಾದವು. ಗುಂಡು ತಗಲದೆ ಮುದಿಯಾಗುವ ನಾಯಿಗಳು ಸುದ್ದಿಯಾಗುವುದಿಲ್ಲ. ಕೆಲಸದ ನಾಯಿ ಸುಮಾರು ಎಂಟು-ಹತ್ತು ವರ್ಷಕ್ಕೆ ನಿವೃತ್ತಿಯಾಗುತ್ತದೆ. ಆಮೇಲೆ ಸೊಂಟ ನೋವು, ಮಂದ ಕಣ್ಣು, ಔಷಧಿಯ ಖರ್ಚು. "ಸೇನೆ ನಿವೃತ್ತ ನಾಯಿಗಳನ್ನು ಕೊಲ್ಲುತ್ತದೆ" ಎಂಬ ಮಾತಿಗೆ ಹಿಂದೆ ಆಧಾರವಿತ್ತು: ಕೆಲಸಕ್ಕೆ ಬಾರದ ನಾಯಿಗಳಿಗೆ ದಯಾಮರಣ ಕೊಡುತ್ತಿದ್ದುದು 2015ರಲ್ಲಿ ದೊಡ್ಡ ಚರ್ಚೆಯಾಯಿತು. ಈಗ ಗುಣವಾಗದ ಕಾಯಿಲೆ ಇಲ್ಲದ ನಾಯಿಗಳನ್ನು ಉಳಿಸಿಕೊಂಡು ದತ್ತು ಕೊಡುವ ವ್ಯವಸ್ಥೆಯಿದೆ. ಆದರೆ ಸೇನಾ ನಾಯಿಗಳ ಕೇಂದ್ರ ಇರುವುದು ಮೀರತ್‌ನಲ್ಲಿ. ಹಲಸೂರಿನಲ್ಲೋ ಇಂದಿರಾನಗರದಲ್ಲೋ ದತ್ತು ಪಡೆಯುವ ಆಸೆ ಇರುವ ಕುಟುಂಬಕ್ಕೆ ಅದು ಎರಡು ಸಾವಿರ ಕಿಲೋಮೀಟರ್ ದೂರ.

ದಾವಣಗೆರೆ ಪೊಲೀಸರ ಡಾಬರ್‌ಮನ್ ತುಂಗಾ 2020ರಲ್ಲಿ ಕೊಲೆ ಪ್ರಕರಣವೊಂದರಲ್ಲಿ ಸುಮಾರು 12 ಕಿಲೋಮೀಟರ್ ಓಡಿ ಆರೋಪಿಯ ಸುಳಿವು ಕೊಟ್ಟಿತ್ತು. 2022ರಲ್ಲಿ ಅದು ತೀರಿಕೊಂಡಾಗ ಇಲಾಖೆ ಗೌರವದಿಂದ ಬೀಳ್ಕೊಟ್ಟಿತು. ಆ ಮೇಲೆ ದಳದಲ್ಲಿ ಇನ್ನೊಂದು ನಾಯಿಗೆ ಅದೇ ಹೆಸರಿಟ್ಟರು, ತುಂಗಾ 2. 2024ರ ಜುಲೈನಲ್ಲಿ ಮಳೆಯಲ್ಲೇ ಎಂಟು ಕಿಲೋಮೀಟರ್ ಓಡಿದ ತುಂಗಾ 2, ಕೊಲೆ ಆರೋಪಿ ಇದ್ದ ಮನೆಯ ಬಾಗಿಲಿಗೆ ಪೊಲೀಸರನ್ನು ಕರೆದೊಯ್ದಿತು. ಒಳಗೆ ಅವನ ಹೊಡೆತಕ್ಕೆ ಸಿಕ್ಕಿದ್ದ ಹೆಂಗಸು ಬದುಕಿಕೊಂಡಳು.