ಹದಿನೈದು ದಿನದ ಅಕ್ಕ-ಅಣ್ಣಂದಿರು: ಒಂದು ಪ್ರತ್ಯುತ್ತರ

ರಜೆಯಲ್ಲಿ ವಿದೇಶದಿಂದ ಬರುವ ಯುವಜನರ ಸೇವಾ ತಂಡಗಳನ್ನು ಮಂಗಳೂರಿನ ಮಕ್ಕಳ ನಿಲಯಗಳ ಒಳಗೆ ಬಿಡಬೇಡಿ ಎಂದು ನಾನು ಬರೆದದ್ದಕ್ಕೆ ಬೈಗುಳವೂ ಬಂದಿದೆ, ಚಪ್ಪಾಳೆಯೂ ಬಂದಿದೆ. ಬೈದವರಲ್ಲಿ ಹಲವರು ಇಂಥ ತಂಡಗಳನ್ನು ಬರಮಾಡಿಕೊಂಡವರು, ಒಳ್ಳೆಯ ಮನಸ್ಸಿನವರು. ನನಗೆ ಹೆಚ್ಚು ಕಸಿವಿಸಿಯಾದದ್ದು ಚಪ್ಪಾಳೆಯಿಂದ. ಆ ಲೆಕ್ಕ ಮೊದಲು ಮುಗಿಸುತ್ತೇನೆ.

“ಕೊನೆಗೂ ಮಿಶನರಿಗಳ ಬಣ್ಣ ಬಯಲು ಮಾಡಿದಿರಿ” ಎಂದರು ಒಬ್ಬರು. ನಾನು ಅಂಥದ್ದೇನೂ ಮಾಡಿಲ್ಲ. ನನ್ನ ಆಕ್ಷೇಪ ಬೈಬಲಿನ ಮೇಲಲ್ಲ, ರಿಟರ್ನ್ ಟಿಕೆಟಿನ ಮೇಲೆ. ದುಬೈಯಿಂದ ರಜೆಗೆ ಬಂದ ನಮ್ಮವರದೇ ಮಕ್ಕಳು, ಬೆಂಗಳೂರಿನ ಐಟಿ ಕಂಪನಿಯ ಹುಡುಗರು, ಯಾವುದಾದರೂ ಮಠದ ಯುವಕ ಸಂಘದವರು ಇದನ್ನೇ ಮಾಡಿದರೂ ನನ್ನ ಮಾತು ಅದೇ. ಈ ಚಪ್ಪಾಳೆ ನನಗೆ ಬೇಡ.

ಈಗ ಬೈದವರ ಮಾತು. ಅವರ ಅತ್ಯಂತ ಗಟ್ಟಿ ವಾದ ಇದು: “ಸ್ವಿಟ್ಜರ್‌ಲೆಂಡಿನ ಬಾಸೆಲ್ ಮಿಶನ್ನಿನಿಂದ ಬಂದವರೂ ಎಳೆಯರೇ ಅಲ್ಲವೇ? ಅವರು ಬಾರದಿದ್ದರೆ ನಿಮ್ಮ ಪತ್ರಿಕೆ ಎಲ್ಲಿತ್ತು, ನಿಘಂಟು ಎಲ್ಲಿತ್ತು, ತಲೆಯ ಮೇಲಿನ ಹಂಚು ಎಲ್ಲಿತ್ತು?” ಎಳೆಯರು, ನಿಜ. 1836ರಲ್ಲಿ ಇಲ್ಲಿಗೆ ಬಂದಾಗ ಹರ್ಮನ್ ಮೊಗ್ಲಿಂಗ್‌ಗೆ ಇಪ್ಪತ್ತೈದು. 1853ರಲ್ಲಿ ಬಂದ ಫರ್ಡಿನಾಂಡ್ ಕಿಟೆಲ್‌ಗೆ ಇಪ್ಪತ್ತೊಂದು. ಇಂದು ಬ್ಯಾಕ್‌ಪ್ಯಾಕ್ ಹೊತ್ತು ಬಜ್ಪೆ ವಿಮಾನ ನಿಲ್ದಾಣದಲ್ಲಿ ಇಳಿಯುವವರ ವಯಸ್ಸೇ. ಆದರೆ ಹೋಲಿಕೆ ಅಲ್ಲಿಗೆ ಮುಗಿಯಿತು. 1834ರ ಅಕ್ಟೋಬರ್ 30ರಂದು ಮಂಗಳೂರಿಗೆ ಬಂದ ಮೊದಲ ಮೂವರಲ್ಲಿ ಒಬ್ಬನಾದ ಸಾಮ್ಯುವೆಲ್ ಹೆಬಿಕ್ ತಿರುಗಿ ಹೋದದ್ದು 1859ರಲ್ಲಿ. ಮೊಗ್ಲಿಂಗ್ ‘ಮಂಗಳೂರ ಸಮಾಚಾರ’ದ ಮೊದಲ ಸಂಚಿಕೆ ಹೊರಡಿಸಿದ್ದು 1843ರ ಜುಲೈ 1ರಂದು, ಅಂದರೆ ಸುಮಾರು ಏಳು ವರ್ಷ ಇಲ್ಲಿಯ ಕನ್ನಡ ಕೇಳಿ, ಮಾತಾಡಿ, ಪಾಠ ಹೇಳಿದ ಮೇಲೆ. ಕಿಟೆಲ್ ನಿಘಂಟು ಅಚ್ಚಾದದ್ದು 1894ರಲ್ಲಿ, ಅವನು ಬಂದ ನಲವತ್ತೊಂದು ವರ್ಷಕ್ಕೆ. ಕನ್ನಡವೇ ಸಾಕು ಎಂದು ಕೂರದೆ ಮಿಶನ್ನಿನವರು ತುಳುವನ್ನೂ ಕಲಿತರು. ಅವರಲ್ಲೇ ಒಬ್ಬನಾದ ಮ್ಯಾನರ್‌ನ ತುಳು ನಿಘಂಟು 1886ರದ್ದು. ಹದಿನೈದು ದಿನದಲ್ಲಿ ‘ನಮಸ್ಕಾರ’ ಮತ್ತು ‘ಊಟ ಆಯ್ತಾ’ ಕಲಿತು ಹೋಗುವ ತಂಡಕ್ಕೆ ಈ ಹೆಸರುಗಳ ಸಾಲ ಕೊಡುವುದು ಹೇಗೆ?

ಬಾಸೆಲ್‌ನವರನ್ನು ಪಟದ ಚೌಕಟ್ಟಿಗೆ ಹಾಕುವ ಇರಾದೆಯೂ ನನಗಿಲ್ಲ. ಅವರು ಬಂದದ್ದು ಮತ ಸಾರಲು, ಅದನ್ನು ಮುಚ್ಚಿಡಲಿಲ್ಲ. 1844ರಲ್ಲಿ ಅವರ ಶಾಲೆಯಲ್ಲಿ ಓದುತ್ತಿದ್ದ ಸಾರಸ್ವತ ಯುವಕ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಪಡೆದಾಗ ಈ ಊರಲ್ಲಿ ದೊಡ್ಡ ಗಲಾಟೆಯೇ ಆಯಿತು. ಆ ಗಲಾಟೆಯ ನಡುವೆಯೂ ಅವರು ಇಲ್ಲೇ ಇದ್ದರು, ಊರಿಗೆ ಮುಖ ತೋರಿಸಿಕೊಂಡೇ ಇದ್ದರು. ತಾನು ಮಾಡಿದ್ದಕ್ಕೆ ಮರುದಿನ ಊರವರೆದುರು ನಿಂತು ಉತ್ತರ ಕೊಡಬೇಕಾದವನ ಕೆಲಸವೇ ಬೇರೆ. ಇನ್ನು, ನಮ್ಮ ಹುಡುಗನೂ ಸಮುದ್ರ ದಾಟಿದ್ದಾನೆ ಎಂಬುದನ್ನು ಮರೆಯುತ್ತೇವೆ: ಅದೇ ಕೌಂಡಿನ್ಯ 1846ರಲ್ಲಿ ಮೊಗ್ಲಿಂಗ್ ಜೊತೆ ಬಾಸೆಲ್‌ಗೆ ಹೋಗಿ, ಅಲ್ಲಿ ವರ್ಷಗಟ್ಟಲೆ ಓದಿ, 1851ರಲ್ಲಿ ಪಾದ್ರಿಯಾಗಿ ಮರಳಿದ. ಅಲ್ಲಿಯ ಮಕ್ಕಳ ಜೊತೆ ಫೋಟೋ ತೆಗೆಸಿಕೊಳ್ಳಲು ಹೋದವನಲ್ಲ.

“ಮಕ್ಕಳು ಎಷ್ಟು ಖುಷಿಪಡುತ್ತಾರೆ, ಬಂದು ನೋಡಿ” ಎಂದು ಒಬ್ಬ ಸಿಸ್ಟರ್ ಬರೆದಿದ್ದಾರೆ. ಸಿಸ್ಟರ್, ನನಗೆ ಅನುಮಾನವಿಲ್ಲ. ಬಲೂನು, ಹಾಡು, ಫುಟ್‌ಬಾಲು, ಚಾಕಲೇಟು. ಯಾವ ಮಗು ಬೇಡ ಎನ್ನುತ್ತದೆ? ನಾನು ಕೇಳಿದ್ದು ಹದಿನಾರನೆಯ ದಿನದ ಬಗ್ಗೆ. ನಿಲಯದಲ್ಲಿರುವ ಮಗು ಒಮ್ಮೆ ಯಾರನ್ನೋ ಬಿಟ್ಟು, ಅಥವಾ ಯಾರೋ ಬಿಟ್ಟುಹೋಗಿ, ಅಲ್ಲಿಗೆ ಬಂದದ್ದು. ಎರಡೇ ದಿನಕ್ಕೆ ಅಪರಿಚಿತರ ಕುತ್ತಿಗೆಗೆ ಜೋತುಬೀಳುವುದನ್ನು ನಾವು ಪ್ರೀತಿ ಎಂದು ಓದುತ್ತೇವೆ. ಮಕ್ಕಳ ಮನಸ್ಸನ್ನು ಬಲ್ಲವರು ಅದನ್ನು ಗಾಯದ ಗುರುತು ಎನ್ನುತ್ತಾರೆ. ಆಫ್ರಿಕಾದ ದಕ್ಷಿಣ ದೇಶಗಳಲ್ಲಿ ಏಡ್ಸ್‌ನಿಂದ ತಬ್ಬಲಿಗಳಾದ ಮಕ್ಕಳ ನಡುವೆ ಇಂಥದ್ದೇ ಸ್ವಯಂಸೇವೆ ನಡೆದಾಗ ಸಂಶೋಧಕರಾದ ಲಿಂಡಾ ರಿಕ್ಟರ್ ಮತ್ತು ಏಮಿ ನಾರ್ಮನ್ 2010ರಲ್ಲೇ ಎಚ್ಚರಿಸಿದ್ದು ಇದನ್ನೇ: ಹಚ್ಚಿಕೊಳ್ಳುವುದು, ಕಳೆದುಕೊಳ್ಳುವುದು, ಮುಂದಿನ ತಂಡ ಬಂದಾಗ ಮತ್ತೆ ಹಚ್ಚಿಕೊಳ್ಳುವುದು. ಬಾಗಲಕೋಟೆ, ಗದಗದ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರ, ನಿಲಯದಲ್ಲಿರುವ ಮಗುವಿಗೆ ಮಂಗಳೂರಿನ ತುಳುವೇ ಹೊಸತು. ಸಂಜೆ ಕೂರಿಸಿಕೊಂಡು ಕನ್ನಡದಲ್ಲಿ ಲೆಕ್ಕ ಹೇಳಿಕೊಡುವ, ವರ್ಷವಿಡೀ ಅದೇ ಮುಖದ ಒಬ್ಬ ಅಕ್ಕ ಅದಕ್ಕೆ ಬೇಕು.

“ಅವರು ಬಂದರೆ ಹಣವೂ ಬರುತ್ತದೆ.” ಬರುತ್ತದೆ. ಅದೇ ಭಯ. ನೋಡಲು ಬರುವವರಿಗಾಗಿ ನಿಲಯ ತುಂಬಿರಬೇಕು ಎಂದಾದರೆ ಮಗುವನ್ನು ಮನೆಗೆ ಕಳಿಸುವ ಆತುರ ಯಾರಿಗಿರುತ್ತದೆ? ನಿಲಯಗಳಲ್ಲಿರುವ ಮಕ್ಕಳಲ್ಲಿ ಐದರಲ್ಲಿ ನಾಲ್ವರಿಗಾದರೂ ತಂದೆಯೋ ತಾಯಿಯೋ ಬದುಕಿದ್ದಾರೆ ಎಂಬುದು ‘ಸೇವ್ ದ ಚಿಲ್ಡ್ರನ್’ ಸಂಸ್ಥೆ 2009ರಲ್ಲಿ ಜಗತ್ತಿನ ಮಟ್ಟದಲ್ಲಿ ಹೇಳಿದ ಮಾತು. ನಿಲಯಗಳನ್ನು ನೋಡಲು ಬರುವ ಪ್ರವಾಸವನ್ನು ತಡೆಯಬೇಕೆಂದು 2019ರಲ್ಲಿ ವಿಶ್ವಸಂಸ್ಥೆಯ ಮಹಾಸಭೆಯೂ ಹೇಳಿತು.

ಮತ್ತೊಬ್ಬರು ಕೋಪದಿಂದ ಕೇಳಿದ್ದಾರೆ: “ಒಳ್ಳೆಯದು ಮಾಡಲು ಬಂದವರನ್ನು ಕಳ್ಳರಂತೆ ಕಾಣಬೇಕೇ?” ಅವರ ದೇಶವೇ ಅವರನ್ನು ಹಾಗೆ ವಿಚಾರಿಸುತ್ತದೆ, ಸ್ವಾಮಿ. ಉದಾಹರಣೆಗೆ, ಜರ್ಮನಿಯಲ್ಲಿ ಮಕ್ಕಳ ಜೊತೆ ನಿಕಟವಾಗಿ ಕೆಲಸ ಮಾಡುವ ಸ್ವಯಂಸೇವಕನೂ ವಿಸ್ತೃತ ಪೊಲೀಸ್ ಪ್ರಮಾಣಪತ್ರ ತರಬೇಕು. ಅದೇ ಜರ್ಮನ್ ಸರ್ಕಾರ 2008ರಿಂದ ನಡೆಸುತ್ತಿರುವ ‘ವೆಲ್ಟ್‌ವೆರ್ಟ್ಸ್’ ಯೋಜನೆಯಲ್ಲಿ ಹದಿನೆಂಟರಿಂದ ಇಪ್ಪತ್ತೆಂಟರ ಯುವಜನರು ಹೊರದೇಶದಲ್ಲಿ ಕನಿಷ್ಠ ಆರು ತಿಂಗಳು ಇರಬೇಕು, ತರಬೇತಿ ಪಡೆದಿರಬೇಕು. ನಮ್ಮಲ್ಲಿ ನಗು ಮುಖ, ಬಿಳಿ ಚರ್ಮ, ಒಂದು ಶಿಫಾರಸು ಪತ್ರ ಇದ್ದರೆ ಗೇಟು ತೆರೆಯುತ್ತದೆ. ನಮ್ಮದೇ ಕಾನೂನೂ ಇದೆ: 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ರಕ್ಷಣೆಯಲ್ಲಿರುವ ಮಗುವಿನ ಗುರುತು, ಚಿತ್ರ ಹೊರಗೆ ಹಾಕುವಂತಿಲ್ಲ, ಆರು ತಿಂಗಳವರೆಗೆ ಜೈಲು ಅಥವಾ ಎರಡು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ತಂಡ ಮರಳಿದ ವಾರಕ್ಕೇ ಇನ್‌ಸ್ಟಾಗ್ರಾಮಿನಲ್ಲಿ ಮೆರೆಯುವ ಚಿತ್ರಗಳ ಬಗ್ಗೆ ನಿಲಯದವರು ಯೋಚಿಸಿದ್ದಾರೆಯೇ? ಪ್ರವಾಸಿ ವೀಸಾದಲ್ಲಿ ಬಂದು ಧರ್ಮಬೋಧೆ ಮಾಡುವಂತಿಲ್ಲ, ಅದಕ್ಕೆ ಮಿಶನರಿ ವೀಸಾ ಬೇರೆಯೇ ಇದೆ ಎಂಬುದನ್ನೂ ಬರುವವರಿಗೆ ಯಾರಾದರೂ ಹೇಳಿದರೆ ಒಳ್ಳೆಯದು.

“ಆ ಯುವಕರ ಬದುಕೇ ಬದಲಾಗುತ್ತದೆ” ಎಂಬುದಕ್ಕೆ ನನ್ನ ಬಳಿ ಉತ್ತರವಿಲ್ಲ, ಏಕೆಂದರೆ ನಾವು ಮಾತಾಡುತ್ತಿದ್ದದ್ದು ಮಕ್ಕಳ ಬಗ್ಗೆ.

“ಹಾಗಾದರೆ ಅವರು ಮಾಡಬೇಕಾದದ್ದೇನು?” ಇದು ಒಳ್ಳೆಯ ಪ್ರಶ್ನೆ. ಹತ್ತು ಜನರ ವಿಮಾನದ ಖರ್ಚಿನಲ್ಲಿ ಒಂದು ನಿಲಯದ ವಾರ್ಡನ್‌ಗೆ ಸಂಬಳ ಏರಿಸಬಹುದು, ರೋಶನಿ ನಿಲಯದಂಥ ಕಾಲೇಜಿನಲ್ಲಿ ಸಮಾಜಕಾರ್ಯ ಓದಿದ ಒಬ್ಬರನ್ನು ಕೆಲಸಕ್ಕೆ ಇಟ್ಟುಕೊಳ್ಳಬಹುದು. ಬರಲೇಬೇಕು ಎನ್ನುವವರು ಒಂದು ವರ್ಷಕ್ಕೆ ಬರಲಿ. ಮೊದಲ ಮೂರು ತಿಂಗಳು ಕನ್ನಡ ಕಲಿಯಲಿ. ಪೊಲೀಸ್ ಪ್ರಮಾಣಪತ್ರ ತರಲಿ. ನಿಲಯದ ಸಿಬ್ಬಂದಿಯ ಕೈಕೆಳಗೆ, ಅವರು ಹೇಳಿದ ಕೆಲಸ ಮಾಡಲಿ. ಮುಂದಿನ ರಜೆಯ ತಂಡಕ್ಕೆ ಒಪ್ಪಿಗೆ ಪತ್ರ ಬರೆಯುವ ಮೊದಲು ಈ ಷರತ್ತುಗಳನ್ನು ಕಳಿಸಿ ನೋಡಿ. ಎಷ್ಟು ಮಂದಿ ಹೂಂ ಎಂದರು ಎಂದು ನನಗೂ ತಿಳಿಸಿ.