ಪಂಕ್ತಿಯಲ್ಲಿ ಒಂದು, ಲಗ್ನದಲ್ಲಿ ಹಲವು



ಅಲ್ಲಮಪ್ರಭುಗಳ ಬಳ್ಳಿಗಾವಿ, ಅಕ್ಕಮಹಾದೇವಿಯವರ ಉಡುತಡಿ ಎರಡೂ ನಮ್ಮ ಶಿಕಾರಿಪುರ ತಾಲ್ಲೂಕಿನವು. ಪ್ರತಿ ಬಸವ ಜಯಂತಿಯಲ್ಲೂ ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ಶಿಕಾರಿಪುರ, ಸೊರಬದ ಕಡೆ ಲಗ್ನದ ಮಾತು ಎದ್ದರೆ ಮೊದಲು ಕೇಳುವುದು ಹುಡುಗನ ನಡತೆಯನ್ನಲ್ಲ, ಹುಡುಗಿಯ ವಿದ್ಯೆಯನ್ನೂ ಅಲ್ಲ. "ಅವರು ಯಾರ ಪೈಕಿ? ಸಾದರೋ, ಬಣಜಿಗರೋ, ಪಂಚಮಸಾಲಿಗಳೋ?" ಎಂದು. ನಿವೃತ್ತನಾದ ಮೇಲೆ ಸಂಬಂಧ ನೋಡಿಕೊಡಿ ಎಂದು ನನ್ನ ಕೈಗೆ ಬಂದ ಬಯೋಡೇಟಾಗಳಲ್ಲಿ ಒಳಪಂಗಡದ ಕಾಲಂ ಖಾಲಿ ಇದ್ದದ್ದನ್ನು ನಾನು ಕಂಡಿಲ್ಲ.

ಹರಳಯ್ಯ ಶರಣರ ಮಗನಿಗೂ ಮಧುವರಸರ ಮಗಳಿಗೂ ಕಲ್ಯಾಣದಲ್ಲಿ ಮದುವೆಯಾಯಿತು. ಆ ಇಬ್ಬರು ತಂದೆಯರು ಅದಕ್ಕಾಗಿ ಪ್ರಾಣ ತೆತ್ತರು ಎಂದು ನಮ್ಮ ಪರಂಪರೆ ಹೇಳುತ್ತದೆ. ಶರಣರು ಒಟ್ಟಿಗೆ ಕುಳಿತು ಉಂಡದ್ದನ್ನು ಆ ಕಾಲದ ಸಮಾಜ ಹೇಗೋ ಸಹಿಸಿತು. ಹೆಣ್ಣು ಕೊಟ್ಟು ತಂದದ್ದನ್ನು ಸಹಿಸಲಿಲ್ಲ. ಬಾಬಾಸಾಹೇಬ ಅಂಬೇಡ್ಕರ್ ಅವರೂ 1936ರಲ್ಲಿ ಪ್ರಕಟಿಸಿದ ಜಾತಿ ವಿನಾಶದ ಗ್ರಂಥದಲ್ಲಿ ಇದನ್ನೇ ವಾದಿಸಿದರು: ಸಹಭೋಜನದಿಂದ ಜಾತಿ ಸಾಯುವುದಿಲ್ಲ, ರಕ್ತಸಂಬಂಧ ಬೆಳೆಯಬೇಕು. ನಮ್ಮ ಮಠಗಳ ದಾಸೋಹ ಮೊದಲನೆಯದನ್ನು ಸಾಧಿಸಿದೆ. ಎರಡನೆಯದು ಹಾಗೆಯೇ ಉಳಿದಿದೆ.

ಅಮೆರಿಕದಲ್ಲಿ ಕರಿಯರು, ಬಿಳಿಯರು ಮದುವೆಯಾಗುವುದು 1967ರವರೆಗೂ 16 ರಾಜ್ಯಗಳಲ್ಲಿ ಅಪರಾಧವಾಗಿತ್ತು. ಆ ವರ್ಷ ಅಲ್ಲಿನ ಸುಪ್ರೀಂ ಕೋರ್ಟು ಆ ಕಾನೂನುಗಳನ್ನು ರದ್ದು ಮಾಡಿತು. ಆಗ ಹೊಸ ದಂಪತಿಗಳಲ್ಲಿ ಶೇ. 3ರಷ್ಟು ಮಂದಿ ಬೇರೆ ಜನಾಂಗದವರನ್ನು ವರಿಸುತ್ತಿದ್ದರು. 2015ಕ್ಕೆ ಅದು ಶೇ. 17. ನಮ್ಮಲ್ಲಿ ಜಾತಿ, ಉಪಜಾತಿ ಬೇರೆ ಎಂಬ ಕಾರಣಕ್ಕೆ ಮದುವೆ ಅಸಿಂಧುವಾಗದೆಂಬ ಕಾಯ್ದೆ 1949ರಲ್ಲೇ ಬಂತು, ಅವರಿಗಿಂತ 18 ವರ್ಷ ಮೊದಲು. ಆದರೂ 2011-12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯಲ್ಲಿ ಅಂತರಜಾತಿ ವಿವಾಹಗಳು ಕಂಡದ್ದು ಸುಮಾರು ಶೇ. 5. ಎರಡು ಲೆಕ್ಕಗಳ ಅಳತೆ ಬೇರೆ ಬೇರೆ, ನಿಜ. ಆದರೆ ನಮ್ಮ ತಡೆ ಕಾನೂನಿನಲ್ಲಿಲ್ಲ, ಮನೆಯ ಜಗುಲಿಯಲ್ಲಿದೆ ಎಂಬುದಂತೂ ಸ್ಪಷ್ಟ.

ಆಚಾರ, ಊಟ ಹೊಂದುವುದಿಲ್ಲ ಎನ್ನುವ ಹಿರಿಯರಿದ್ದಾರೆ. ಒಳಪಂಗಡಗಳ ನಡುವೆ ಹೊಂದದಿರುವುದಾದರೂ ಏನು? ಅದೇ ಇಷ್ಟಲಿಂಗ, ಅದೇ ವಿಭೂತಿ, ಅದೇ ರೊಟ್ಟಿ. ಮಕ್ಕಳಿಗೆ ಆಸ್ತಿ, ನೆಂಟರು, ಬೆಂಬಲ ತಪ್ಪಿಹೋದಾವು ಎಂಬ ಭಯ ಮಾತ್ರ ನಿಜವಾದದ್ದು. ಒಂಟಿ ಕುಟುಂಬ ಅದನ್ನು ಎದುರಿಸಲಾರದು. ಬೆನ್ನಿಗೆ ಮಠ ನಿಂತರೆ ಎದುರಿಸೀತು.

ನಾನು ನೀರಾವರಿ ಇಲಾಖೆಯಲ್ಲಿ ದುಡಿದವನು. ಜಲಾಶಯ ತುಂಬಿದ್ದರೂ ಕಾಲುವೆಯ ಕೊನೆಯ ಗದ್ದೆಗೆ ನೀರು ಮುಟ್ಟದಿದ್ದರೆ ಆ ರೈತನ ಪಾಲಿಗೆ ಅದು ಬರಗಾಲವೇ. ನಮ್ಮ ಪ್ರವಚನಗಳೂ ತುಂಬಿವೆ. ಮನೆಯ ಲಗ್ನದ ಮಾತಿನವರೆಗೆ ಹರಿದಿಲ್ಲ.

ಪೂಜ್ಯರಲ್ಲಿ ನನ್ನ ಬಿನ್ನಹ ಮೂರು. ಮಠಗಳಲ್ಲಿ ನಡೆಯುವ ವಧು-ವರರ ಸಮಾವೇಶದ ಅರ್ಜಿಯಿಂದ ಒಳಪಂಗಡದ ಕಾಲಂ ತೆಗೆದುಹಾಕಿ. ಜಾತಿ ಮೀರಿ ಮದುವೆಯಾಗುವವರಿಗೆ ಮಠದಲ್ಲೇ ಲಗ್ನ ಮಾಡಿಸಿ, ನೋಂದಣಿಗೆ ಜೊತೆಗೊಬ್ಬರನ್ನು ಕಳಿಸಿ. ಮುನಿದ ತಂದೆತಾಯಿಯರ ಮನೆಗೆ ತಾವೇ ಪಾದ ಬೆಳೆಸಿ. ಒಳಪಂಗಡ ದಾಟುವುದು ಮೊದಲ ಮೆಟ್ಟಿಲು ಮಾತ್ರ. ಹರಳಯ್ಯನವರ ಕೇರಿಯ ಮಕ್ಕಳೊಡನೆ ನಮ್ಮ ಮಕ್ಕಳ ಸಂಬಂಧ ಕೂಡಿದ ದಿನ ನಾವು ಕಲ್ಯಾಣದ ಹೆಸರು ಹೇಳಲು ಹಕ್ಕುಳ್ಳವರಾಗುತ್ತೇವೆ.